ಎಳ್ಳುನೀರಿಗೆ ಕೈ ಒಡ್ಡಿದವಳು

ಕಂಪ್ಲಿ
12 ಜೂನ್ 2025

ದೋಣಿಮಲೈ ಕ್ವಾರ್ಟರ್ಸ್ ನಿವಾಸಿ ಶ್ರೀಮತಿ ಸಸ್ಮಿತಾ ಅವರಿಗೆ,

ನಿಮ್ಮ ಪತ್ರ ತಲುಪಿತು. ಇದು ಅದಕ್ಕೆ ಉತ್ತರವಲ್ಲ ಎಂಬುದನ್ನು ಮೊದಲಿಗೇ ಸ್ಪಷ್ಟಪಡಿಸುತ್ತೇನೆ. ನಿಮ್ಮ ಪತ್ರವನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ಇದರ ಜೊತೆ ವಾಪಸು ಕಳಿಸಿದ್ದೇನೆ, ಅಷ್ಟೆ. ಕನ್ನಡದ ತಪ್ಪು ಕಂಡು ಸುಮ್ಮನಿರುವುದು ನನ್ನ ಕೈಲಾಗದು. ಈ ಚಟದಿಂದಾಗಿ ಕಂಪ್ಲಿಯಲ್ಲಿ ಅಂಗಡಿಗೆ ಹೊಸ ಬೋರ್ಡು ಬರೆಸಿದವರು, ಮದುವೆ ಪತ್ರಿಕೆ ಹಂಚಲು ಹೊರಟವರು ನನ್ನನ್ನು ದೂರದಿಂದ ಕಂಡರೂ ಓಣಿ ಬದಲಿಸುತ್ತಾರೆ. ರೈಸ್ ಮಿಲ್ಲು ನಡೆಸುವವನಿಗೆ ಕಲ್ಲು ಆರಿಸುವ ಅಭ್ಯಾಸ ಸಹಜ. ಆದ್ದರಿಂದ ತಾವು ಇದನ್ನು ಸಂಬಂಧವೆಂದು ಭಾವಿಸಬಾರದು. ತಿದ್ದುಪಡಿ ಎಂದೇ ಭಾವಿಸತಕ್ಕದ್ದು.

ನಿಮ್ಮ ಪತ್ರದ ಸಾರಾಂಶ ಇಷ್ಟು ಎಂದು ತಿಳಿದಿದ್ದೇನೆ: ನಿಮ್ಮ ಯಜಮಾನರನ್ನು ಕಂಪನಿಯವರು ಛತ್ತೀಸಗಢದ ಗಣಿಗೆ ಹೋಗುತ್ತೀರಾ ಎಂದು ಕೇಳಿದ್ದಾರೆ. ಅಕ್ಟೋಬರ್ ಮುಗಿಯುವುದರೊಳಗೆ ಅವರು ಹೂಂ ಅಥವಾ ಊಹೂಂ ಅನ್ನಬೇಕು. ನಾನು ಬಾಯಿಬಿಟ್ಟು ಒಮ್ಮೆ ಕರೆದರೆ ಅವರು ಇಲ್ಲೇ ಉಳಿಯುತ್ತಾರೆ.

ಸದರಿ ಯಜಮಾನರು ನನ್ನ ಮಗ ಬಸವಕುಮಾರನೇ ಆಗಿದ್ದಲ್ಲಿ, ಅವನಿಗೆ ನಾನು ಎರಡು ವರ್ಷದ ಹಿಂದೆಯೇ ಎಳ್ಳುನೀರು ಬಿಟ್ಟಾಗಿದೆ. ಹೇಳದೆ ಕೇಳದೆ ಸಂಡೂರಿನ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಗಿ, ಒಡಿಶಾದಿಂದ ಬಂದ ನಿಮ್ಮನ್ನು ಕರೆತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದನಲ್ಲ, ಆಗಲೇ. ನೀವೂ ಅಲ್ಲಿದ್ದಿರಿ. ಆಗ ನೀವು ಮಾಡಿದ್ದೂ ನನಗೆ ನೆನಪಿದೆ. ಅದನ್ನು ತಿದ್ದಲು ಕೆಂಪು ಪೆನ್ನು ಸಾಲದು.

ನಮ್ಮ ಮನೆಯಾಕೆ ಸಂಗಮ್ಮ ದಿನಾ ಸಂಜೆ ಹಿತ್ತಲಲ್ಲಿ ನಿಂತು ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತಾಳೆ. ಯಾರೆಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಅವಳ ದನಿ ದೊಡ್ಡದಾದ್ದರಿಂದ ಆ ಯಾರಿಗೋ ನೆಗಡಿಯಾಗಿದೆ ಎಂಬುದಷ್ಟೇ ಗೊತ್ತು. ಕಷಾಯಕ್ಕೆ ಮೆಣಸು ಸ್ವಲ್ಪ ಜಾಸ್ತಿ ಹಾಕಿ. ಇದನ್ನೂ ತಿದ್ದುಪಡಿ ಎಂದೇ ಓದಿಕೊಳ್ಳಿ.

ಇಂತಿ,
ಕೊಟ್ರಯ್ಯ
ರೈಸ್ ಮಿಲ್ ಮಾಲೀಕರು


ದೋಣಿಮಲೈ
25 ಜೂನ್ 2025

ಮಾವನವರಿಗೆ ಸಸ್ಮಿತಾಳ ನಮಸ್ಕಾರ.

ತಿದ್ದುಪಡಿ ತಲುಪಿತು. ನನ್ನ ಪತ್ರದ ಮೇಲೆ ಎಷ್ಟು ಕೆಂಪು ಇದೆಯೆಂದರೆ, ಗಣಿಯ ಲಾರಿ ಅದರ ಪಕ್ಕ ಹಾದುಹೋದ ಹಾಗಿದೆ. ಇಲ್ಲಿ ಗೋಡೆ, ಗಿಡ, ಒಣಹಾಕಿದ ಬಟ್ಟೆ ಎಲ್ಲದಕ್ಕೂ ಅದೇ ಬಣ್ಣ. ಆದ್ದರಿಂದ ನನಗೆ ಮನೆಗೆ ಬಂದಂತೆ ಅನ್ನಿಸಿತು. ಕಷಾಯಕ್ಕೆ ಮೆಣಸು ಹಾಕಿದೆ. ನೆಗಡಿ ಹೋಯಿತು.

ಫೋನಿದ್ದೂ ಪತ್ರ ಯಾಕೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಫೋನಿನಲ್ಲಿ ಕನ್ನಡ ಓಡುತ್ತದೆ. ಅತ್ತೆಯವರ ಕನ್ನಡವಂತೂ ಕೊನೆಯ ಬಸ್ಸು ಹಿಡಿಯುವವರ ಹಾಗೆ ಓಡುತ್ತದೆ. ಪತ್ರದಲ್ಲಿ ಮಾತು ಕುಳಿತಿರುತ್ತದೆ. ನಾನು ಅದರ ಎದುರು ಕುಳಿತು ನಿಧಾನವಾಗಿ ನೋಡಬಹುದು.

ನನ್ನ ತೊಂದರೆ ನೋಡುವುದೇ. ನೀವೆಲ್ಲ ಮಾತಾಡುವಾಗ ನನಗೆ ಮೊದಲು ಚಿತ್ರ ಕಾಣುತ್ತದೆ, ಅರ್ಥ ಹಿಂದಿನಿಂದ ಏದುಸಿರು ಬಿಡುತ್ತ ಬರುತ್ತದೆ. ನಿಮ್ಮ ಮಗನಿಗೆ ಚಿತ್ರ ಕಾಣುವುದೇ ಇಲ್ಲ. ಮೊದಲ ವರ್ಷ ಸಂಡೂರು ಸಂತೆಯಲ್ಲಿ ಜಂಬವ್ವ ಎಂಬ ಕಾಯಿಪಲ್ಲೆ ಮಾರುವವಳ ಹತ್ತಿರ ಬದನೆಕಾಯಿಗೆ ಚೌಕಾಸಿ ಮಾಡುತ್ತಿದ್ದೆ. ಅವಳು, "ತೆಲಿ ತಿನ್ನಬ್ಯಾಡವ್ವಾ" ಅಂದಳು. ನನಗೆ ಕಣ್ಣು ತುಂಬಿ ಬಂತು. ನಮ್ಮ ಕೆಂದುಝರ್ ಕಡೆ ಮನೆಗೆ ಬಂದ ಅಳಿಯನ ತಟ್ಟೆಗೆ ಮೀನಿನ ತಲೆ ಹಾಕುತ್ತಾರೆ. ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಗುರುತು ಪರಿಚಯ ಇಲ್ಲದ ನನ್ನ ಮುಂದೆ ತಲೆಯ ಮಾತು ಎತ್ತಿದಳಲ್ಲ, ದೊಡ್ಡ ಮನಸ್ಸು ಎಂದುಕೊಂಡೆ. "ನಾನು ತಿನ್ನುವುದಿಲ್ಲ ಅಮ್ಮಾ, ನೀವು ಹಿರಿಯರು, ನೀವೇ ತಿನ್ನಿ" ಎಂದೆ. ಅವಳು ತಕ್ಕಡಿ ಕೆಳಗಿಟ್ಟು ನನ್ನನ್ನೇ ನೋಡಿದಳು. ಆಮೇಲೆ ಪಕ್ಕದ ಅಂಗಡಿಯವಳನ್ನೂ ಕರೆದು ಇಬ್ಬರೂ ನಕ್ಕು, ನನಗೆ ನಾಲ್ಕು ಬದನೆಕಾಯಿ ಹೆಚ್ಚು ಹಾಕಿದರು. (ನಿಮ್ಮ ಮನೆಯಲ್ಲಿ ಮೀನಿನ ಹೆಸರು ಎತ್ತಬಾರದೆಂದು ಗೊತ್ತು. ತಿದ್ದುವಾಗ ಆ ಸಾಲನ್ನು ಮೂಗು ಮುಚ್ಚಿಕೊಂಡು ದಾಟಿ.)

ನಾನು ಟೌನ್‌ಶಿಪ್ಪಿನ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನನ್ನ ಜೊತೆಗೆ ಕನ್ನಡ ಕಲಿಸುವ ಶೈಲಜಾ ಒಮ್ಮೆ ತಡವಾಗಿ ಬಂದು ಹೆಡ್‌ಮಾಸ್ತರಿಗೆ, "ತಪ್ಪಾತ್ರಿ ಸರ್, ಹೊಟ್ಟಿಗೆ ಹಾಕ್ಕೊಳ್ರಿ" ಅಂದಳು. ಹೊಟ್ಟೆ ದೊಡ್ಡದಿದ್ದವರೇ ಯಾಕೆ ಹೆಡ್‌ಮಾಸ್ತರರಾಗುತ್ತಾರೆ ಎಂಬುದು ನನಗೆ ಆವತ್ತು ಹೊಳೆಯಿತು.

ಮಾವ, ನನಗೆ ಇಲ್ಲಿಂದ ಹೋಗಲು ಮನಸ್ಸಿಲ್ಲ. ಇಷ್ಟು ಕಷ್ಟಪಟ್ಟು ಕಲಿತ ಕನ್ನಡವನ್ನು ಅಲ್ಲಿ ಯಾರ ಮೇಲೆ ಪ್ರಯೋಗ ಮಾಡಲಿ? ಆದರೆ ಇವರು, "ಅಪ್ಪಾಜಿ ಬಾಯಿಬಿಟ್ಟು ಕರದ್ರ ಇರ್ತೀನಿ. ಕರೀಲಿಲ್ಲಂದ್ರ ಎಲ್ಲಿದ್ರೇನು" ಎನ್ನುತ್ತಾರೆ. ಅತ್ತೆಯವರು ಕರೆದರೆ ಸಾಲದಂತೆ. ಇವರ ಹಟ ಯಾರಿಂದ ಬಂದದ್ದು ಎಂದು ನಾನು ಯಾರನ್ನೂ ಕೇಳಬೇಕಾಗಿಲ್ಲ.

ಬಾಗಿಲಲ್ಲಿ ನಡೆದದ್ದರ ಬಗ್ಗೆ ಈಗ ಬರೆಯುವುದಿಲ್ಲ. ಅದಕ್ಕೆ ಬೇಕಾಗುವಷ್ಟು ಕನ್ನಡ ನನ್ನ ಹತ್ತಿರ ಇನ್ನೂ ಕೂಡಿಲ್ಲ.

ನಿಮ್ಮ ತಿದ್ದುಪಡಿಗೆ ಕಾಯುತ್ತಿರುವ,
ಸಸ್ಮಿತಾ


ಕಂಪ್ಲಿ
20 ಜುಲೈ 2025

ಸಸ್ಮಿತಾ ಅವರಿಗೆ,

ನಿಮ್ಮಿಂದ ನನಗೊಂದು ರೋಗ ಅಂಟಿದೆ. ಇದರ ಹೊಣೆಯನ್ನು ನೀವೇ ಹೊರಬೇಕು.

ಲಕ್ಷಣಗಳು ಹೀಗಿವೆ. ಹೋದ ವಾರ ಮಿಲ್ಲಿನಲ್ಲಿ ನಮ್ಮ ಹಮಾಲಿ ಮೂಕಣ್ಣ ಬಂದು, "ಆ ಭತ್ತದ ಏಜೆಂಟ ಕೈ ಕೊಟ್ಟಾನ್ರಿ" ಎಂದ. ಇಡೀ ಜೀವಮಾನ ಕೇಳಿದ ಮಾತು. ಆದರೆ ಈ ಸಲ ನನಗೆ ಭತ್ತದ ಚೀಲದ ಮೇಲೆ ಒಂದು ಕೈ ಬಿದ್ದಿದ್ದು ಕಾಣಿಸಿತು. ಉಂಗುರ, ವಾಚು ಸಮೇತ. ಎಡಗೈಯೋ ಬಲಗೈಯೋ ಎಂದು ಕೇಳಿಬಿಟ್ಟೆ. ಮೂಕಣ್ಣ ನೆಟ್ಟಗೆ ಮನೆಗೆ ಹೋಗಿ, ಅಯ್ಯನವರಿಗೆ ಬಿ.ಪಿ. ನೋಡಿಸ್ರಿ ಎಂದು ಸಂಗಮ್ಮನಿಗೆ ಹೇಳಿದ್ದಾನೆ.

ಎರಡನೆಯದು ಹೊಸಪೇಟೆಯಲ್ಲಿ ಮಿಲ್ಲಿನವರ ಸಭೆ. ಎಲ್ಲರ ಮುಖವೂ ಸಣ್ಣಗಾಗಿತ್ತು. ನಮ್ಮ ಪಕ್ಕದ ಮಿಲ್ಲಿನ ಮಹಾಂತೇಶ ಎದ್ದು ನಿಂತು ಗದ್ಗದ ದನಿಯಲ್ಲಿ ಅಕ್ಕಿಯ ರೇಟು ನೆಲ ಕಚ್ಚಿದೆ ಎಂದ. ರೇಟು ಎಂಬುದು ಬೋರಲು ಬಿದ್ದು, ಮಣ್ಣಿಗೆ ಹಲ್ಲು ಊರಿ, ಮೇಲೆತ್ತಲು ಹೋದವರ ಮೇಲೆ ಗುರ್ರೆನ್ನುವ ಚಿತ್ರ ಕಂಡು ನನಗೆ ನಗು ಬಂತು. ಆ ಸಭೆಯಲ್ಲಿ ನಕ್ಕವನು ನಾನೊಬ್ಬನೇ. ನನಗೆ ಎಲ್ಲೋ ಗುಟ್ಟಾಗಿ ಲಾಭವಾಗುತ್ತಿದೆ ಎಂಬ ಗುಮಾನಿ ಈಗ ಊರಿಗೆಲ್ಲ ಹಬ್ಬಿದೆ.

ನಾನು ಇದರ ಬಗ್ಗೆ ಬಹಳ ಯೋಚಿಸಿದ್ದೇನೆ. ಹುಟ್ಟಿದಾಗಿನಿಂದ ಕನ್ನಡವಾಡುವ ನಮಗೆ ಈ ಮಾತುಗಳು ಮನೆಯ ಕಲ್ಲುಗಳು. ಹಂಪಿಗೆ ಬರುವ ಪ್ರವಾಸಿಗಳು ಪ್ರತಿ ಕಲ್ಲಿನ ಮುಂದೂ ನಿಂತು ಕೆತ್ತನೆ ನೋಡಿ ಬಾಯಿ ತೆರೆಯುತ್ತಾರೆ. ಅಲ್ಲೇ ಹುಟ್ಟಿದವರು ಅದೇ ಕಲ್ಲಿನ ಮೇಲೆ ಹಪ್ಪಳ ಒಣಗಿಸಿ, ಕಾಗೆ ಬಂತೇನೋ ಎಂದು ಮಾತ್ರ ನೋಡುತ್ತಾರೆ. ಕಲ್ಲು ಬೇಗ ದಾಟುವವರು ನಾವು. ಕಲ್ಲು ಕಾಣುವವರು ನೀವು. ಇದರಲ್ಲಿ ಹಪ್ಪಳದ ಪಕ್ಷವೇ ಮೇಲು ಎಂದು ವಾದಿಸಬೇಕೆಂದಿದ್ದೆ. ಆದರೆ ಮೂರನೆಯ ಲಕ್ಷಣ ಅಡ್ಡ ಬಂತು.

ಮೊನ್ನೆ ಸಂಜೆ ಹಿತ್ತಲಲ್ಲಿ ಸಂಗಮ್ಮನ ಫೋನು ಸದ್ದು ಮಾಡಲಿಲ್ಲ. ಅವಳು ಬಾಗಿಲಲ್ಲಿ ಕುಳಿತು, "ಕಣ್ಣಿಗೆ ಎಣ್ಣಿ ಬಿಟ್ಕೊಂಡು ಕಾಯಾಕತ್ತೀನಿ, ಒಂದು ಫೋನಿಲ್ಲ" ಎಂದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡರೆ ಉರಿಯುತ್ತದೆ. ಮದುವೆಯಾದಾಗಿನಿಂದ ಈ ಮಾತು ಅವಳ ಬಾಯಲ್ಲಿ ಕೇಳಿದ್ದೇನೆ. ಉರಿಯುತ್ತದೆ ಎಂಬುದು ಮೊನ್ನೆ ಕಂಡಿತು. ಅವತ್ತು ನಾನು ಬೇಗ ಉಂಡು ಎದ್ದೆ.

ಈಗ ಒಂದು ಪ್ರಶ್ನೆ. ಇದನ್ನು ಎರಡು ವರ್ಷ ಇಟ್ಟುಕೊಂಡಿದ್ದೇನೆ. ಆವತ್ತು ನಮ್ಮ ಬಾಗಿಲಲ್ಲಿ ನಾನು ಮಗನಿಗೆ ಎಳ್ಳುನೀರು ಬಿಟ್ಟೆ ಎಂದಾಗ, ನೀವು ಮುಂದೆ ಬಂದು, ಎರಡೂ ಕೈ ಜೋಡಿಸಿ, ನಗುತ್ತ ಬೊಗಸೆ ಒಡ್ಡಿದಿರಿ. ಓಣಿಯವರು ಕಿಸಕ್ಕೆಂದರು. ಮಗ ಮಾಡಿದ್ದನ್ನು ನಾನು ಇಷ್ಟು ಹೊತ್ತಿಗೆ ಮರೆಯುತ್ತಿದ್ದೆನೇನೋ. ಆ ಬೊಗಸೆಯನ್ನು ಮರೆಯಲಾಗಲಿಲ್ಲ.

ನನ್ನನ್ನು ಅಣಕಿಸಿದ್ದು ಯಾಕೆ?

ಇಂತಿ,
ಕೊಟ್ರಯ್ಯ


ದೋಣಿಮಲೈ
5 ಆಗಸ್ಟ್ 2025

ಮಾವ,

ಅಣಕವಲ್ಲ. ಈ ಒಂದು ಪದ ಬರೆದು, ಮುಂದೆ ಹೇಗೆ ಬರೆಯುವುದೆಂದು ತಿಳಿಯದೆ ಪೆನ್ನು ಮುಚ್ಚಿ ಎರಡು ಸಲ ಎದ್ದುಹೋಗಿದ್ದೇನೆ.

ಆವತ್ತು ನನ್ನ ಹತ್ತಿರ ಇದ್ದ ಕನ್ನಡ ಇಷ್ಟೇ: ಬಾ, ಹೋಗು, ಅನ್ನ, ನೀರು, ಸಾಕು. ಬಸ್ಸಿನಲ್ಲಿ ಇವರು ನನಗೆ ಹಿಂದಿಯಲ್ಲಿ ಪಾಠ ಮಾಡಿದ್ದರು. ಅಪ್ಪಾಜಿ ಮೊದಲು ಬೈತಾರೆ, ಆಮೇಲೆ ಅವ್ವ ಬಾಗಿಲಿಗೆ ಕೆಂಪು ನೀರು ತಂದು ಆರತಿ ಮಾಡಿ ಒಳಗೆ ಕರೀತಾರೆ ಅಂದಿದ್ದರು. ನೀವು ಬಾಗಿಲಿಗೆ ಬಂದಿರಿ. ಜೋರಾಗಿ ಏನೇನೋ ಅಂದಿರಿ. ಅದು ಬೈಗುಳದ ಭಾಗ ಎಂದುಕೊಂಡೆ. ಕೊನೆಯಲ್ಲಿ "ನೀರು ಬಿಟ್ಟೆ" ಎಂಬುದು ಕೇಳಿಸಿತು. ಆ ಗದ್ದಲದಲ್ಲಿ ನನಗೆ ಗೊತ್ತಿದ್ದ ಮಾತು ನೀರು ಒಂದೇ. ಓಹೋ, ಬೈಯುವುದು ಮುಗಿಯಿತು, ನೀರಿನ ಭಾಗ ಬಂತು ಎಂದು ಸಂತೋಷವಾಯಿತು. ನಮ್ಮಲ್ಲಿ ಹಿರಿಯರು ಕೊಡುವ ಪವಿತ್ರ ನೀರನ್ನು ಬೊಗಸೆಯಲ್ಲಿ ಹಿಡಿಯುತ್ತೇವೆ. ಹಿಡಿದೆ.

ಇವರು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಬಸ್ ಸ್ಟ್ಯಾಂಡ್ ಮುಟ್ಟುವವರೆಗೂ ನಾನು, ನೀರು ಕೊಡಲಿಲ್ಲವಲ್ಲ, ನನ್ನಿಂದೇನು ತಪ್ಪಾಯಿತು ಎಂದು ಕೇಳುತ್ತಲೇ ಇದ್ದೆ.

ಸಂಕ್ರಾಂತಿಗೆ ಶೈಲಜಾ ಎಳ್ಳುಬೆಲ್ಲ ತಂದುಕೊಟ್ಟಳು. ಎಳ್ಳೆಂದರೆ ತಿಲ ಎಂದು ನನಗೆ ಗೊತ್ತಾದದ್ದು ಆವತ್ತು. ತಿನ್ನುತ್ತ ತಿನ್ನುತ್ತ, ಬಾಗಿಲಲ್ಲಿ ನೀವು ಅಂದ ಮಾತಿನ ಮೊದಲ ತುಂಡು ನೆನಪಿಗೆ ಬಂತು. ತಿಲ. ನೀರು.

ನಮ್ಮ ಅಜ್ಜ ತೀರಿಕೊಂಡಾಗ ದೊಡ್ಡಪ್ಪ ಬೈತರಣಿ ಹೊಳೆಯಲ್ಲಿ ಸೊಂಟದವರೆಗೆ ಇಳಿದು ನಿಂತಿದ್ದರು. ತಿಲದ ಬಟ್ಟಲು ಹಿಡಿದು ದಂಡೆಯ ಮೇಲೆ ನಿಂತವಳು ನಾನು. ಅವರ ಬೆರಳಿನ ಸಂದಿಯಿಂದ ಕರಿ ಕಾಳುಗಳು ನೀರಿನ ಜೊತೆ ಇಳಿದು ಹೋದದ್ದು ನೋಡಿದ್ದೇನೆ. ಅದು ನಮಗೆ ಮಾತಲ್ಲ, ಕೆಲಸ. ಶೈಲಜಾ ಕೊಟ್ಟ ತಟ್ಟೆ ಕೆಳಗಿಟ್ಟೆ. ಇವರನ್ನು ಕೇಳಿದರೆ, "ಅದು ಮಾತಿಗೆ ಅಂದಿದ್ದು, ಬಿಡು" ಅಂದರು. ಆದರೆ ಇವರ ಮುಖ ಬಾಗಿಲಲ್ಲಿ ಆವತ್ತೇ ಬೆಳ್ಳಗಾಗಿತ್ತು. ನಿಮ್ಮ ಜನಕ್ಕೆ ಪೆಟ್ಟು ತಕ್ಷಣ ತಾಗುತ್ತದೆ, ನೀರು ಕಾಣುವುದಿಲ್ಲ. ನನಗೆ ನೋವು ತಡವಾಗಿ ಬಂತು. ಆದರೆ ಹೊಳೆಯ ಸಮೇತ ಬಂತು.

ಒಂದು ಸಂದೇಹ, ಗಣಿತದವಳಾದ್ದರಿಂದ ಕೇಳುತ್ತೇನೆ. ನಿಮ್ಮಲ್ಲಿ ತೀರಿಕೊಂಡವರನ್ನು ಹೂಳುತ್ತಾರೆ, ತರ್ಪಣದ ಪದ್ಧತಿಯೇ ಇಲ್ಲ ಎಂದು ಇವರು ಹೇಳಿದರು. ಹಾಗಾದರೆ ನೀವು ಆವತ್ತು ಬಿಟ್ಟದ್ದು ಯಾರ ಮನೆಯ ಎಳ್ಳು, ಯಾರ ಮನೆಯ ನೀರು?

ನಮಸ್ಕಾರಗಳೊಂದಿಗೆ,
ಸಸ್ಮಿತಾ


ಕಂಪ್ಲಿ
24 ಸೆಪ್ಟೆಂಬರ್ 2025

ಸಸ್ಮಿತಾಗೆ,

ಉತ್ತರ ತಡವಾಯಿತು. ಮಿಲ್ಲಿನ ಕೆಲಸ ಎಂದು ಬರೆದರೆ ನೀನು ನಂಬುತ್ತೀಯ, ಸಂಗಮ್ಮ ನಂಬುವುದಿಲ್ಲ. ನಿನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ, ಅದಕ್ಕೇ ತಡ.

ಒಪ್ಪಿಕೊಳ್ಳುತ್ತೇನೆ: ನಮ್ಮ ಮನೆಯಲ್ಲಿ ಎಳ್ಳನ್ನು ಬಳಸುವುದು ಚಟ್ನಿಪುಡಿಗೆ, ಸಂಕ್ರಾಂತಿಗೆ ಮತ್ತು ಬೈಯುವುದಕ್ಕೆ. ನಮ್ಮ ಅಪ್ಪ, ಅಜ್ಜ, ಯಾರಿಗೂ ಯಾರೂ ಎಳ್ಳುನೀರು ಬಿಟ್ಟಿಲ್ಲ. ಆರಾಧನೆ ಮಾಡಿ, ಜಂಗಮರಿಗೆ ಊಟ ಹಾಕಿ ಕೈ ಮುಗಿದಿದ್ದೇವೆ. ಅಂದರೆ ಸ್ವಂತ ಮಗನನ್ನು ಮನೆಯಿಂದ ತೆಗೆದುಹಾಕಲು ನಾನು ಬೇರೆಯವರ ಮನೆಯ ವಿಧಿಯನ್ನು ಕಡ ತಂದಿದ್ದೇನೆ. ಕಾನೂನು ಬಲ್ಲವರು ಇದನ್ನು ಅನೂರ್ಜಿತ ಎನ್ನುತ್ತಾರೆ. ಅಷ್ಟೇ ಅಲ್ಲ, ಲೆಕ್ಕ ಹಾಕಿದೆ: ನಾನು ಈವರೆಗೆ ಒಂದು ಸ್ಕೂಟರಿಗೆ, ಬಾಡಿಗೆ ಟ್ರ್ಯಾಕ್ಟರಿಗೆ, ಎರಡು ದವಡೆ ಹಲ್ಲಿಗೆ, ಮುನಿಸಿಪಾಲಿಟಿ ಇಲೆಕ್ಷನ್ನಿಗೆ ನಿಲ್ಲುವ ಆಸೆಗೆ ಎಳ್ಳುನೀರು ಬಿಟ್ಟಿದ್ದೇನೆ. ಅದೇ ಸಾಲಿನಲ್ಲಿ ಹಲ್ಲಿನ ಪಕ್ಕಕ್ಕೆ ಬಸವಕುಮಾರ.

ಇಷ್ಟರವರೆಗೆ ತಮಾಷೆಯಾಗಿ ಬರೆಯಲು ಬಂತು. ಮುಂದಿನದು ಬರುವುದಿಲ್ಲ.

ಮಹಾಲಯ ಅಮಾವಾಸ್ಯೆಯ ದಿನ ಸಂಗಮ್ಮ ಹಂಪಿಗೆ ಹೋಗೋಣ ಎಂದಳು. ವಿರೂಪಾಕ್ಷನ ದರ್ಶನವಾಯಿತು. ಅವಳು ಗುಡಿಯೊಳಗೆ ಆನೆಗೆ ಬಾಳೆಹಣ್ಣು ಕೊಡಲು ನಿಂತಳು, ನಾನು ಹೊಳೆಯ ಕಡೆ ಇಳಿದೆ. ಘಟ್ಟದಲ್ಲಿ ಸಾಲಾಗಿ ಜನ ಕುಳಿತು ತರ್ಪಣ ಕೊಡುತ್ತಿದ್ದರು. ಎಷ್ಟೋ ವರ್ಷ ಇದೇ ಘಟ್ಟದಲ್ಲಿ ಕಾಲು ತೊಳೆದು ಬಂದಿದ್ದೇನೆ, ನೋಡಿದ್ದಿಲ್ಲ. ಈ ಸಲ ನಿನ್ನ ರೋಗ ಜೊತೆಗಿತ್ತಲ್ಲ, ನಿಂತು ನೋಡಿದೆ.

ತುದಿಯಲ್ಲಿ ನನ್ನ ವಯಸ್ಸಿನವನೇ ಒಬ್ಬ ಕುಳಿತಿದ್ದ. ಮಂತ್ರ ಹೇಳಿಸುವವರು ತೀರಿಕೊಂಡವರ ಹೆಸರು ಕೇಳಿದರು, ಅವನು ಹೇಳಿದ. ಏನಾಗಬೇಕು ಎಂದು ಕೇಳಿದರು.

"ಮಗ್ರೀ" ಎಂದ.

ಅವರು ಎಳ್ಳು ಹಾಕಿ ನೀರು ಹೊಯ್ದರು. ಅವನು ಕೈ ಓರೆ ಮಾಡಿದ. ನೀರು ಹೋಯಿತು, ಎಳ್ಳೂ ಹೋಯಿತು. ನಾಲ್ಕು ಕಾಳು ಅಂಗೈಗೆ ಅಂಟಿಕೊಂಡಿದ್ದವು. ಅವನು ಅವನ್ನು ಕೊಡವಲಿಲ್ಲ, ಹೆಬ್ಬೆರಳಿನಿಂದ ಮೆಲ್ಲಗೆ ಒಂದೊಂದೇ ಜರುಗಿಸಿದ. ಕೊನೆಯ ಕಾಳು ಹೋಗುವವರೆಗೂ ನಾನು ದಡದಲ್ಲೇ ನಿಂತೆ.

ಸಂಗಮ್ಮ ಹಿಂದಿನಿಂದ ಬಂದು, "ಏನ್ರೀ, ಹಿಂಗ್ಯಾಕ ನಿಂತೀರಿ, ಬಿಸಿಲು ಬಡೀತೇನು?" ಎಂದಳು. ಹೂಂ ಎಂದೆ. ವಾಪಸು ಬರುವಾಗ ಕಡ್ಡಿರಾಂಪುರದ ಹೋಟೆಲಿನಲ್ಲಿ ಮಿರ್ಚಿ, ಒಗ್ಗರಣೆ ಮಂಡಕ್ಕಿ ಮುಂದಿಟ್ಟರೂ ತಿನ್ನಲಿಲ್ಲ. ನಾನು ಮಿರ್ಚಿ ಬಿಟ್ಟದ್ದು ಕಂಡು ಅವಳು ನಿಜಕ್ಕೂ ಗಾಬರಿಯಾದಳು.

ನನ್ನ ಮಗ ದೋಣಿಮಲೈಯಲ್ಲಿ ನೆಗಡಿ, ಕಷಾಯ ಎಂದುಕೊಂಡು ಗಟ್ಟಿಮುಟ್ಟಾಗಿದ್ದಾನೆ. ನಾನು ಅವನಿಗೆ ಆ ಕೆಲಸ ಮಾಡಿದೆ, ಓಣಿಯವರ ಮುಂದೆ, ಅವನ ಹೆಂಡತಿಯ ಮುಂದೆ. ಅದೂ ತಿಳಿಯದೆ ಮಾಡಿದೆ.

ಆದರೂ ತೊಡಕು ಇದ್ದೇ ಇದೆ. ಆಡಿದವನು ನಾನು, ಕೇಳಿದವರು ಓಣಿಯೆಲ್ಲ. ಎಳ್ಳುನೀರು ಬಿಡಲು ವಿಧಿಯಿದೆ, ವಾಪಸು ತೆಗೆದುಕೊಳ್ಳಲು ಯಾವ ವಿಧಿಯಿದೆ? ಇಷ್ಟು ದಿನ ಮುಚ್ಚಿದ ಬಾಯನ್ನು ಯಾವ ಮಾತಿನಿಂದ ತೆರೆಯಲಿ? ಯಾವ ಮಾತು ತೆಗೆದರೂ ಅದರೊಳಗೆ ಏನೋ ಒಂದು ಚಿತ್ರ ಕುಳಿತು ನನ್ನನ್ನೇ ನೋಡುತ್ತದೆ.

ಇಂತಿ,
ಕೊಟ್ರಯ್ಯ, ಮಾವ


ದೋಣಿಮಲೈ
4 ಅಕ್ಟೋಬರ್ 2025

ಮಾವನವರಿಗೆ,

ನಿಮ್ಮ ಪತ್ರ ಇವರಿಗೆ ತೋರಿಸಿಲ್ಲ. ತೋರಿಸಬೇಕೆಂದು ಎದ್ದೆ, ಆಮೇಲೆ ಇದು ನೀವೇ ಹೇಳಬೇಕಾದದ್ದು ಎನ್ನಿಸಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದೇನೆ.

ವರ್ಗಾವಣೆಯ ಅರ್ಜಿ ಊಟದ ಮೇಜಿನ ಮೇಲಿದೆ. ಇವರು ಎಲ್ಲ ತುಂಬಿದ್ದಾರೆ, ಸಹಿ ಮಾತ್ರ ಹಾಕಿಲ್ಲ. ದಿನಾ ತಟ್ಟೆ ಇಡಲು ಅದನ್ನು ಆಚೆ ಸರಿಸುತ್ತಾರೆ, ಉಂಡ ಮೇಲೆ ಮತ್ತೆ ಈಚೆ ಎಳೆದುಕೊಳ್ಳುತ್ತಾರೆ. ಪಕ್ಕದ ಮನೆಯ ಮುರುಗೇಶ್ ಆಗಲೇ ಸಹಿ ಹಾಕಿ ಮಂಚ, ಕಪಾಟು ಮಾರಲು ಗಿರಾಕಿ ಹುಡುಕುತ್ತಿದ್ದಾರೆ.

ವಿಧಿ ಕೇಳಿದಿರಿ. ನಿಮ್ಮಲ್ಲಿ ಇರಲಿಕ್ಕಿಲ್ಲ. ಹೇಗೂ ಎಳ್ಳುನೀರನ್ನು ಹೊರಗಿನಿಂದ ತಂದಿದ್ದೀರಿ, ಇದನ್ನೂ ತನ್ನಿ. ನಮ್ಮಲ್ಲಿದೆ.

ನಮ್ಮ ಕಡೆ ದೀಪಾವಳಿಯ ಸಂಜೆ ಮನೆಯವರೆಲ್ಲ ಅಂಗಳಕ್ಕೆ ಬಂದು, ಸೆಣಬಿನ ಕಡ್ಡಿ ಹೊತ್ತಿಸಿ ಮೇಲೆತ್ತಿ ಹಿಡಿದು ಹಿರಿಯರನ್ನು ಕೂಗುತ್ತೇವೆ. ಕತ್ತಲಲ್ಲಿ ಬನ್ನಿ, ಬೆಳಕಿನಲ್ಲಿ ಹೋಗಿ ಎಂದು. ಯಾರಿಗೆ ಹೊಳೆಯಲ್ಲಿ ನಿಂತು ತಿಲ, ನೀರು ಬಿಟ್ಟೆವೋ ಅವರನ್ನೇ ಹಬ್ಬಕ್ಕೆ ಕರೆಯುತ್ತೇವೆ. ನೀರು ಬಿಟ್ಟಾಯಿತು, ಇನ್ನು ಕರೆಯುವಂತಿಲ್ಲ ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ನೀರು ಬಿಟ್ಟವರೇ ಕರೆಯಬೇಕು. ಬೇರೆಯವರು ಕರೆದರೆ ನಡೆಯುವುದಿಲ್ಲ. ಇವರು ಅತ್ತೆಯವರು ಕರೆದರೆ ಸಾಲದು, ಅಪ್ಪಾಜಿಯೇ ಕರೆಯಬೇಕು ಎನ್ನುವುದು ಹಟ ಎಂದುಕೊಂಡಿದ್ದೆ. ನಮ್ಮ ಲೆಕ್ಕದಲ್ಲಿ ಅದು ಸರಿಯಾಗಿಯೇ ಇದೆ.

ಆದ್ದರಿಂದ ಆಡಿದ ಮಾತನ್ನು ನೀವು ವಾಪಸು ತೆಗೆದುಕೊಳ್ಳಬೇಕಾಗಿಲ್ಲ. ಅದು ಹಾಗೇ ಇರಲಿ. ಆವತ್ತು ನಿಮಗೆ ಕರೆಯುವ ಹಕ್ಕು ಬಂದಿದೆ, ಅಷ್ಟೆ. ಬೇರೆ ಯಾರಿಗೂ ಬಂದಿಲ್ಲ.

ಒಂದೇ ವ್ಯತ್ಯಾಸ. ನಾವು ಕರೆದವರು ಬಂದರೋ ಇಲ್ಲವೋ ನಮಗೆ ತಿಳಿಯುವುದಿಲ್ಲ. ನೀವು ಕರೆದರೆ ತಿಳಿಯುತ್ತದೆ.

ನಿಮ್ಮ ಸೊಸೆ,
ಸಸ್ಮಿತಾ


ಕಂಪ್ಲಿ
13 ಅಕ್ಟೋಬರ್ 2025

ಚಿ. ಸೌ. ಸಸ್ಮಿತಾಗೆ ಆಶೀರ್ವಾದಗಳು.

ನಿನ್ನ ವಾದವನ್ನು ಜರಡಿ ಹಿಡಿದು ನೋಡಿದೆ. ಕಲ್ಲು ಸಿಗಲಿಲ್ಲ. ಇದರಿಂದ ನನಗೆ ತುಸು ಬೇಸರವಾಗಿದೆ.

ಆದರೆ ನಮ್ಮ ಅಂಗಳದಲ್ಲಿ ನಿಂತು ಕೂಗಿದರೆ ದೋಣಿಮಲೈಗೆ ಕೇಳಿಸದು. ಸಂಗಮ್ಮ ಕೂಗಿದರೆ ಸಂಡೂರಿನವರೆಗೆ ಹೋದೀತು. ಆದರೆ ಅವಳಿಗೆ ಹಕ್ಕಿಲ್ಲವೆಂದು ನೀನೇ ತೀರ್ಪು ಕೊಟ್ಟಿದ್ದೀಯ. ಆದ್ದರಿಂದ ಹಬ್ಬದ ಹಿಂದಿನ ಭಾನುವಾರ ನಾನೇ ಬರುತ್ತೇನೆ. ಹೊಸಪೇಟೆಯಲ್ಲಿ ಬಸ್ಸು ಬದಲಿಸಿ ಬೆಳಿಗ್ಗೆಯೇ ಮುಟ್ಟುತ್ತೇನೆ.

ಅವನಿಗೆ ಹೇಳಬೇಡ. ಹೇಳಿದರೆ ಗಡ್ಡ ಹೆರೆದುಕೊಂಡು, ಇಸ್ತ್ರಿ ಅಂಗಿ ತೊಟ್ಟು ನಿಂತಿರುತ್ತಾನೆ. ಆಗ ನಾನು ಭಾಷಣ ಮಾಡಬೇಕಾಗುತ್ತದೆ. ಒಂದು ಭಾಷಣ ಬರೆದುಕೊಂಡಿರುವುದೂ ನಿಜ. ಚೆನ್ನಾಗಿದೆ. ಆದರೂ ಹೇಳಬೇಡ.

ಇಂತಿ ನಿನ್ನ ಮಾವ,
ಕೊಟ್ರಯ್ಯ


ದೋಣಿಮಲೈ
28 ಅಕ್ಟೋಬರ್ 2025

ಮಾವನವರಿಗೆ, ಅತ್ತೆಯವರಿಗೆ ನಮಸ್ಕಾರ.

ಹಬ್ಬ ಮುಗಿಸಿ ಕಂಪ್ಲಿಯಿಂದ ಸುಖವಾಗಿ ಮುಟ್ಟಿದೆವು. ಅತ್ತೆಯವರು ಕಟ್ಟಿಕೊಟ್ಟ ಕರ್ಚಿಕಾಯಿ ಡಬ್ಬಿಯನ್ನು ಹೊಸಪೇಟೆಯಲ್ಲೇ ಅರ್ಧ ಖಾಲಿ ಮಾಡಿದವರು ಯಾರೆಂದು ನಾನು ಹೇಳುವುದಿಲ್ಲ. ನಿನ್ನೆ ಇವರು ಆಫೀಸಿಗೆ ಹೋಗಿ, ಇಲ್ಲೇ ಇರುತ್ತೇನೆ ಎಂದು ಬರೆದು, ಸಹಿ ಹಾಕಿ ಕೊಟ್ಟು ಬಂದರು. ಊಟದ ಮೇಜು ಖಾಲಿಯಾಗಿದೆ.

ನಾವು ಹೊರಡುವಾಗ ನೀವು, ಆ ಭಾನುವಾರ ಏನಾಯಿತೆಂದು ನನಗೇ ಸರಿಯಾಗಿ ನೆನಪಿಲ್ಲ, ನೀನು ನೋಡಿದ್ದೀಯಲ್ಲ, ಬರೆದು ಕಳಿಸು ಎಂದಿರಿ. ಬರೆಯುತ್ತಿದ್ದೇನೆ.

ಇವರು ಮನೆಯ ಮುಂದೆ ಹಳೇ ಲುಂಗಿ ಉಟ್ಟು, ಪೈಪು ಹಿಡಿದು ಬೈಕಿನ ಕೆಂಪು ಧೂಳು ತೊಳೆಯುತ್ತಿದ್ದರು. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ನೀವು ಬಿಳಿ ಧೋತರ ಮೊಣಕಾಲಿನವರೆಗೆ ಎತ್ತಿ ಹಿಡಿದು ರಸ್ತೆ ದಾಟಿ ಬಂದಿರಿ. ಗೇಟಿನ ಹೊರಗೆ ನಿಂತಿರಿ. ಕಿಸೆಯಿಂದ ಕಾಗದ ತೆಗೆದಿರಿ, ನೋಡಿದಿರಿ, ಒಳಗಿಟ್ಟಿರಿ. ಗಂಟಲು ಸರಿ ಮಾಡಿಕೊಂಡಿರಿ. ಭಾಷಣ ಶುರುವಾಗುತ್ತದೆ ಎಂದು ನಾನು ಚಹಾ ಇಟ್ಟಿದ್ದ ಒಲೆ ಆರಿಸಿದೆ.

ನೀವು ಕೂಗಿದಿರಿ. "ಬಸಣ್ಣಾ, ಉಣ್ಣಾಕ ಬಾರಲೇ."

ಮನೆ ಇವರದು. ಬೆಳಗಿನ ಹೊತ್ತು. ಒಳಗೆ ಅಡುಗೆ ಇನ್ನೂ ಶುರುವಾಗಿರಲಿಲ್ಲ. ಬೇರೆಯವರ ಗೇಟಿನಲ್ಲಿ ನಿಂತು, ಆ ಮನೆಯ ಯಜಮಾನನನ್ನು ಅವನ ಮನೆಯಲ್ಲೇ ಊಟಕ್ಕೆ ಕರೆದವರು ಭೂಮಿಯ ಮೇಲೆ ನೀವೊಬ್ಬರೇ ಇರಬೇಕು. ಇವರು ತಿರುಗಿದರು. ಕೈಯಲ್ಲಿದ್ದ ಪೈಪೂ ತಿರುಗಿ, ಮುರುಗೇಶ್ ಅವರು ಮಾರಲೆಂದು ಹೊರಗಿಟ್ಟ ಕಪಾಟಿಗೆ ಸ್ನಾನವಾಯಿತು. ಇವರು ನಲ್ಲಿ ನಿಲ್ಲಿಸದೆ, ಚಪ್ಪಲಿ ಮೆಟ್ಟದೆ, "ಬಂದೆ ಅಪ್ಪಾಜಿ" ಎನ್ನುತ್ತಲೇ ಬಂದರು. ಚಿಕ್ಕ ಹುಡುಗರು ಆಟ ಬಿಟ್ಟು ಬರುತ್ತಾರಲ್ಲ, ಹಾಗೆ.

ನೀವು ಇವರ ಭುಜ ಹಿಡಿದುಕೊಂಡು, "ಜೀವ ಬಂತಲೇ" ಅಂದಿರಿ.

ಮಾವ, ನಾನು ಈ ಮಾತನ್ನು ಹಿಂದೆ ಕೇಳಿರಲಿಲ್ಲ. ಪ್ರತಿ ಸಲದಂತೆ ನನಗೆ ಮೊದಲು ಚಿತ್ರ ಕಾಣಬೇಕಿತ್ತು: ಜೀವ ಎಲ್ಲಿಗೆ ಹೋಗಿತ್ತು, ಯಾವ ದಾರಿಯಿಂದ ಬಂತು, ಅದು ನಿಮ್ಮದೋ ಇವರದೋ. ಏನೂ ಕಾಣಲಿಲ್ಲ. ಕಿಟಕಿಯ ಸರಳು ಹಿಡಿದು ಅಳುತ್ತಿದ್ದೆ. ಯಾಕೆ ಅಳುತ್ತಿದ್ದೇನೆ ಎಂದು ಕೇಳಿಕೊಂಡಾಗ, ಮಾತು ಆಗಲೇ ಅರ್ಥವಾಗಿಹೋಗಿದೆ ಎಂದು ಗೊತ್ತಾಯಿತು.

ಆಗ ನಿಮ್ಮನ್ನು ನೋಡಿದೆ. ನೀವು ನಿಮ್ಮದೇ ಮಾತನ್ನು ಈಗ ತಾನೇ ಕೇಳಿಸಿಕೊಂಡವರ ಹಾಗೆ, ಬಾಯಿ ಅರ್ಧ ತೆರೆದು, ಇವರ ಮುಖವನ್ನೇ ನೋಡುತ್ತ ನಿಂತಿದ್ದಿರಿ. ನನಗೆ ಕಾಣದ ಚಿತ್ರ ಈ ಸಲ ನಿಮಗೆ ಕಾಣುತ್ತಿತ್ತು ಎಂದು ನನ್ನ ಎಣಿಕೆ.

ಆಮೇಲೆ ನಾನು ಕಣ್ಣೊರೆಸಿಕೊಂಡು ಅಕ್ಕಿ ತೊಳೆದು ಇಟ್ಟೆ. ನೀವಿಬ್ಬರೂ ಒಳಗೆ ಬಂದು ಎದುರುಬದುರು ಕುಳಿತಿರಿ. ನಾನೂ ಬಂದು ಕುಳಿತೆ. ಮೂವರೂ ಅನ್ನ ಆಗುವುದನ್ನೇ ಕಾದೆವು.

ನಿಮ್ಮ ಸೊಸೆ,
ಸಸ್ಮಿತಾ